ಕಲ್ಲು ಹುಟ್ಟುವ ಆಳ

ಭೂಮಿಯಲ್ಲಿ ಕಲ್ಲು ಮೂರು ಬಗೆಯಾಗಿ ಹುಟ್ಟುತ್ತದೆ. ಕರಗಿದ ಶಿಲಾಪಾಕ ತಣಿದು ಗಟ್ಟಿಯಾದರೆ ಅಗ್ನಿಶಿಲೆ. ಹಳೆಯ ಕಲ್ಲು ಸವೆದು ಬಂದ ಮರಳು, ಜೇಡಿ, ನೀರಿನಲ್ಲಿ ಕರಗಿದ್ದ ಸುಣ್ಣ ಇವೆಲ್ಲ ತಳ ಸೇರಿ, ಹೂತುಹೋಗಿ, ಒಂದಕ್ಕೊಂದು ಬೆಸೆದುಕೊಂಡರೆ ಪದರಶಿಲೆ. ಇವೆರಡರಲ್ಲಿ ಯಾವುದೇ ಆಗಲಿ, ಪೂರ್ತಿ ಕರಗದೆಯೇ ಕಾವು ಮತ್ತು ಒತ್ತಡಕ್ಕೆ ಸಿಕ್ಕಿ ಬೇರೆ ಕಲ್ಲಾಗಿ ಮಾರ್ಪಟ್ಟರೆ ರೂಪಾಂತರ ಶಿಲೆ. ಈ ವಿಂಗಡಣೆ ಎಲ್ಲರಿಗೂ ಶಾಲೆಯಿಂದ ಪರಿಚಿತ. ಅದರ ಹಿಂದೆ ಕೆಲಸ ಮಾಡುವ ಮುಖ್ಯ ಸಂಗತಿ ಎಂದರೆ ಆಳ. ಪ್ರತಿ ಕಲ್ಲೂ ತಾನು ಹುಟ್ಟಿದ ಆಳದ ಗುರುತನ್ನು ಕಣಗಳ ಗಾತ್ರದಲ್ಲಿ, ಖನಿಜಗಳ ಕೂಟದಲ್ಲಿ ಉಳಿಸಿಕೊಂಡಿರುತ್ತದೆ. ಆ ಗುರುತುಗಳನ್ನು ಓದಲು ಕರ್ನಾಟಕದಷ್ಟು ಅನುಕೂಲವಾದ ನೆಲ ಜಗತ್ತಿನಲ್ಲಿ ಹೆಚ್ಚಿಲ್ಲ. ಇಲ್ಲಿ ಮೇಲ್ಮೈಯ ಕಲ್ಲೂ ಇದೆ, ಇಪ್ಪತ್ತು ಕಿಲೋಮೀಟರ್ ಕೆಳಗಿನ ಕಲ್ಲೂ ಬಿಸಿಲಿಗೆ ಬಂದು ನಿಂತಿದೆ.

ಕೆಳಗಿಳಿದಂತೆ ಭೂಮಿ ಬಿಸಿಯಾಗುತ್ತದೆ. ಸಾಮಾನ್ಯವಾಗಿ ಕಿಲೋಮೀಟರಿಗೆ 25ರಿಂದ 30 ಡಿಗ್ರಿ ಸೆಲ್ಸಿಯಸ್ ಏರಿಕೆ ಎಂದು ಲೆಕ್ಕ. ದಖ್ಖನದ ಹಳೆಯ, ತಣ್ಣಗಿನ ನೆಲದಲ್ಲಿ ಅದಕ್ಕಿಂತ ಕಡಿಮೆ. ಕೋಲಾರದ ಚಾಂಪಿಯನ್ ರೀಫ್ ಗಣಿ 3 ಕಿಲೋಮೀಟರಿಗಿಂತ ಆಳಕ್ಕೆ ಇಳಿದಾಗ ಅಲ್ಲಿನ ಬಂಡೆಯ ಉಷ್ಣತೆ 60 ಡಿಗ್ರಿ ದಾಟಿತ್ತು. ಮನುಷ್ಯ ಕೊರೆದ ಅತಿ ಆಳದ ತೂತು ರಷ್ಯಾದ ಕೋಲಾ ಪರ್ಯಾಯದ್ವೀಪದಲ್ಲಿದೆ. 1989ರಲ್ಲಿ ಅದು 12,262 ಮೀಟರ್ ತಲುಪಿತು. ತಳದಲ್ಲಿ ಸುಮಾರು 180 ಡಿಗ್ರಿ ಕಾವು. ಖಂಡಗಳ ಕೆಳಗಿನ ಭೂಕವಚದ ದಪ್ಪ ಸಾಧಾರಣವಾಗಿ 35-40 ಕಿಲೋಮೀಟರ್ ಎಂಬುದನ್ನು ನೆನೆದರೆ, ಕೊರೆದು ನೋಡಿ ತಿಳಿಯುವ ದಾರಿ ಎಷ್ಟು ಮೊಟಕು ಎಂಬುದು ಅರ್ಥವಾಗುತ್ತದೆ. ಉಳಿದದ್ದನ್ನೆಲ್ಲ ಮೇಲೆ ಬಂದ ಕಲ್ಲಿನಿಂದ, ಭೂಕಂಪದ ಅಲೆಗಳಿಂದ, ಪ್ರಯೋಗಶಾಲೆಯ ಕುಲುಮೆಯಿಂದಲೇ ಅರಿಯಬೇಕು.

ಭೂಕವಚದ ಕೆಳಗೆ ಕರಗಿದ ಲಾವಾದ ಸಮುದ್ರವಿದೆ ಎಂಬ ನಂಬಿಕೆ ಇಂದಿಗೂ ವ್ಯಾಪಕ. ಅದು ತಪ್ಪು. ಕವಚದಿಂದ 2,900 ಕಿಲೋಮೀಟರ್ ಆಳದವರೆಗೆ ಹಬ್ಬಿದ ಮ್ಯಾಂಟಲ್ ಬಹುಪಾಲು ಗಟ್ಟಿ ಕಲ್ಲೇ. ಅಲ್ಲಿನ ಕಾವು ಮೇಲ್ಮೈಯಲ್ಲಾದರೆ ಯಾವ ಕಲ್ಲನ್ನೂ ಕರಗಿಸಬಲ್ಲದು. ಮೇಲಿನ ಭಾರ ಕರಗಲು ಬಿಡುವುದಿಲ್ಲ. ಸುಮಾರು ಮೂರೂವರೆ ಕಿಲೋಮೀಟರ್ ಇಳಿದಂತೆ ಒತ್ತಡ ಒಂದು ಸಾವಿರ ವಾಯುಭಾರದಷ್ಟು ಹೆಚ್ಚುತ್ತದೆ, ಒತ್ತಡ ಹೆಚ್ಚಿದಂತೆ ಕರಗುವ ಉಷ್ಣತೆಯೂ ಮೇಲೇರುತ್ತದೆ. ಹಾಗಾದರೆ ಶಿಲಾಪಾಕ ಎಲ್ಲಿಂದ ಬರುತ್ತದೆ ಎಂಬುದಕ್ಕೆ ಮೂರು ಉತ್ತರಗಳಿವೆ. ಮ್ಯಾಂಟಲಿನ ಬಿಸಿ ಕಲ್ಲು ನಿಧಾನವಾಗಿ ಮೇಲೇರಿ ಭಾರ ಕಳೆದುಕೊಂಡಾಗ ಅದರ ಒಂದಂಶ ಕರಗುತ್ತದೆ. ಸಾಗರದ ನಡುವಿನ ಬಿರುಕುಗಳಲ್ಲಿ ನಡೆಯುವುದು ಇದೇ. ಒಂದು ಭೂಫಲಕ ಮತ್ತೊಂದರ ಅಡಿಗೆ ಜಾರುವಾಗ ಜೊತೆಗೆ ಒಯ್ದ ನೀರು ಸುತ್ತಲಿನ ಕಲ್ಲಿಗೆ ಸೇರಿದರೆ ಕರಗುವ ಉಷ್ಣತೆ ನೂರಾರು ಡಿಗ್ರಿ ಇಳಿಯುತ್ತದೆ; ಜಪಾನ್, ಇಂಡೋನೇಷ್ಯಾಗಳ ಜ್ವಾಲಾಮುಖಿಗಳ ಮೂಲ ಅದು. ಇನ್ನು, ಕೆಳಗಿನಿಂದ ಬಂದ ಬಿಸಿ ಪಾಕ ಭೂಕವಚದ ಬುಡದಲ್ಲಿ ತಂಗಿ, ಅಲ್ಲಿನ ಹಳೆಯ ಕಲ್ಲನ್ನೇ ಕಾಯಿಸಿ ಕರಗಿಸುವುದೂ ಉಂಟು.

ಕಲ್ಲು ಪೂರ್ತಿಯಾಗಿ ಕರಗುವುದು ಅಪರೂಪ ಎಂಬುದನ್ನು ಇಲ್ಲಿ ಗಮನಿಸಬೇಕು. ಕಲ್ಲಿನಲ್ಲಿ ಹಲವು ಖನಿಜಗಳಿವೆ, ಒಂದೊಂದಕ್ಕೆ ಒಂದೊಂದು ಹದ. ಬೇಗ ಕರಗುವ ಭಾಗ ಮೊದಲು ಬಿಟ್ಟುಕೊಂಡು ಮೇಲೇರುತ್ತದೆ, ಉಳಿದದ್ದು ಅಲ್ಲೇ ಉಳಿಯುತ್ತದೆ. ತಣಿಯುವಾಗ ಇದರ ತಿರುವುಮುರುವು: ಕಬ್ಬಿಣ, ಮೆಗ್ನೀಷಿಯಂ ಹೆಚ್ಚಿರುವ ಕಡುಬಣ್ಣದ ಖನಿಜಗಳು ಮೊದಲು ಹರಳುಗಟ್ಟುತ್ತವೆ, ಬೆಣಚು ಕೊನೆಗೆ. ಅಮೆರಿಕದಲ್ಲಿ ಕೆಲಸ ಮಾಡಿದ ನಾರ್ಮನ್ ಬೋವೆನ್ ಈ ಅನುಕ್ರಮವನ್ನು ಕುಲುಮೆಯ ಪ್ರಯೋಗಗಳಿಂದ ತೋರಿಸಿ 1928ರಲ್ಲಿ ಪುಸ್ತಕವಾಗಿ ಪ್ರಕಟಿಸಿದರು. ಒಂದೇ ಮ್ಯಾಂಟಲಿನಿಂದ ಸಿಲಿಕಾ ಶೇ. 50ರ ಆಸುಪಾಸಿನಲ್ಲಿರುವ ಕಪ್ಪು ಬಸಾಲ್ಟೂ, ಶೇ. 70ರಷ್ಟಿರುವ ತಿಳಿಬಣ್ಣದ ಗ್ರಾನೈಟೂ ಕಾಲಾಂತರದಲ್ಲಿ ಬೇರ್ಪಟ್ಟು ಬಂದದ್ದು ಹೀಗೆ ಹಂತಹಂತವಾಗಿ ಕರಗಿ, ಹಂತಹಂತವಾಗಿ ಹೆಪ್ಪುಗಟ್ಟಿದ್ದರಿಂದ.

ಗ್ರಾನೈಟ್ ಕರಗಿದ ಸ್ಥಿತಿಯಿಂದ ಬಂದದ್ದು ಎಂಬುದೇ ಒಂದು ಕಾಲದಲ್ಲಿ ದೊಡ್ಡ ವಿವಾದವಾಗಿತ್ತು. ಹದಿನೆಂಟನೇ ಶತಮಾನದ ಕೊನೆಯಲ್ಲಿ ಜರ್ಮನಿಯ ಅಬ್ರಹಾಂ ವರ್ನರ್ ಮತ್ತು ಅವರ ಶಿಷ್ಯರು ಬಹುತೇಕ ಎಲ್ಲ ಕಲ್ಲೂ ಆದಿಸಾಗರದ ನೀರಿನಿಂದ ಇಳಿದದ್ದೆಂದು ವಾದಿಸುತ್ತಿದ್ದರು. ಸ್ಕಾಟ್ಲೆಂಡಿನ ಜೇಮ್ಸ್ ಹಟನ್ 1785ರಲ್ಲಿ ಗ್ಲೆನ್ ಟಿಲ್ಟ್ ಎಂಬ ಕಣಿವೆಯ ಹೊಳೆಪಾತ್ರದಲ್ಲಿ ಕೆಂಪು ಗ್ರಾನೈಟಿನ ಎಳೆಗಳು ಕಡುಬಣ್ಣದ ಪದರುಗಲ್ಲನ್ನು ಸೀಳಿಕೊಂಡು ನುಗ್ಗಿರುವುದನ್ನು ಕಂಡರು. ನುಗ್ಗಿದ್ದು ದ್ರವವಾಗಿದ್ದಿರಲೇಬೇಕು, ಅದು ಸೀಳಿದ ಕಲ್ಲಿಗಿಂತ ಕಿರಿಯದೂ ಆಗಿರಬೇಕು. ಹಟನ್ ಅವರ ಗೆಳೆಯ ಜೇಮ್ಸ್ ಹಾಲ್ ಇನ್ನೊಂದು ಹೆಜ್ಜೆ ಮುಂದೆ ಹೋಗಿ ಬಸಾಲ್ಟ್ ಜಾತಿಯ ಕಲ್ಲನ್ನು ಕುಲುಮೆಯಲ್ಲಿ ಕರಗಿಸಿದರು. ಬೇಗ ಆರಿಸಿದರೆ ಅದು ಗಾಜಾಯಿತು. ನಿಧಾನವಾಗಿ ಆರಿಸಿದರೆ ಮತ್ತೆ ಹರಳುಗಳುಳ್ಳ ಕಲ್ಲಾಯಿತು.

ಹಾಲ್ ಕಂಡುಕೊಂಡ ಈ ನಿಯಮವೇ ಅಗ್ನಿಶಿಲೆಯ ಕೀಲಿಕೈ. ಸಕ್ಕರೆ ಪಾಕವನ್ನು ಅಲುಗಿಸದೆ ದಿನಗಟ್ಟಲೆ ಬಿಟ್ಟರೆ ದಪ್ಪ ಹರಳಿನ ಕಲ್ಲುಸಕ್ಕರೆಯಾಗುವಂತೆ, ಆಳದಲ್ಲಿ ಸಾವಿರಾರು ಲಕ್ಷಾಂತರ ವರ್ಷ ಆರುತ್ತ ಉಳಿದ ಶಿಲಾಪಾಕಕ್ಕೆ ದಪ್ಪ ಹರಳು ಕಟ್ಟಲು ಪುರುಸೊತ್ತು ಸಿಗುತ್ತದೆ. ರಾಮನಗರದ ಬೆಟ್ಟಗಳ ಕಲ್ಲನ್ನು ಹತ್ತಿರದಿಂದ ನೋಡಿದರೆ ಇದು ಕಣ್ಣಿಗೇ ಕಾಣುತ್ತದೆ. ಬೂದು ಹಿನ್ನೆಲೆಯಲ್ಲಿ ಎರಡು ಮೂರು ಸೆಂಟಿಮೀಟರ್ ಉದ್ದದ, ನಸುಗೆಂಪು ಬಣ್ಣದ, ಅಂಚು ನೇರವಾದ ಫೆಲ್ಡ್‌ಸ್ಪಾರ್ ಹರಳುಗಳು. ಅವುಗಳ ಸಂದಿಯಲ್ಲಿ ಗಾಜಿನಂಥ ಬೆಣಚು, ಉಗುರಿನಿಂದ ಎಬ್ಬಿಸಬಹುದಾದ ಕಪ್ಪು ಅಭ್ರಕದ ಹಾಳೆಗಳು. ಮೊದಲು ಬೆಳೆದ ಫೆಲ್ಡ್‌ಸ್ಪಾರಿಗೆ ಬೇಕಾದಷ್ಟು ಜಾಗವಿತ್ತು, ಹಾಗಾಗಿ ಅದಕ್ಕೆ ಸ್ಪಷ್ಟ ಆಕಾರ. ಬೆಣಚು ಕೊನೆಗೆ ಬಂದದ್ದರಿಂದ ಉಳಿದ ಸಂದಿಯನ್ನೇ ತುಂಬಿಕೊಂಡಿದೆ.

ಭೂವಿಜ್ಞಾನಿಗಳು ಈ ಕಲ್ಲನ್ನು ರಾಮನಗರದ ಹಳೆಯ ಹೆಸರಿನಿಂದ ಕ್ಲೋಸ್‌ಪೇಟೆ ಗ್ರಾನೈಟ್ ಎನ್ನುತ್ತಾರೆ. ಸುಮಾರು 250 ಕೋಟಿ ವರ್ಷ ಹಿಂದೆ, ಕೆಳಗಿನಿಂದ ಏರಿದ ಪಾಕವೂ ಅದರ ಕಾವಿಗೆ ಕರಗಿದ ಹಳೆಯ ಭೂಕವಚವೂ ಬೆರೆತು ಇದು ಹುಟ್ಟಿತು. ಕನಕಪುರದ ದಕ್ಷಿಣದಿಂದ ರಾಮನಗರ, ತುಮಕೂರು ಸೀಮೆಯನ್ನು ಹಾದು ಹಂಪಿಯ ಕಡೆಗೆ ಸುಮಾರು 400 ಕಿಲೋಮೀಟರ್ ಉದ್ದದ ಪಟ್ಟಿಯಾಗಿ ಇದು ಚಾಚಿಕೊಂಡಿದೆ. ದಕ್ಷಿಣದ ತುದಿಯಲ್ಲಿ ಪಾಕ ಹುಟ್ಟಿದ ಬೇರುಗಳು ಕಾಣುತ್ತವೆ. ಉತ್ತರಕ್ಕೆ ಹೋದಂತೆ ಅದೇ ಪಾಕ ಮೇಲೇರಿ ತಂಗಿದ ಜಾಗಗಳು. ಇಷ್ಟು ಉದ್ದಕ್ಕೆ ಬುಡದಿಂದ ತುದಿಯವರೆಗೆ ಸೀಳಿ ತೋರಿಸುವ ಗ್ರಾನೈಟ್ ಬಹಳ ವಿರಳ. ಆಳದಲ್ಲಿ ಹುಟ್ಟಿದ ಈ ಕಲ್ಲು ಮೇಲಿನ ಭಾರ ಕಳೆದುಕೊಂಡಾಗ ಹಿಗ್ಗಿ, ಮೇಲ್ಮೈಗೆ ಸಮಾನಾಂತರವಾಗಿ ಸಿಪ್ಪೆ ಬಿಡುತ್ತದೆ. ಸಾವನದುರ್ಗದ ಬೋಳು ಗುಂಡಾಕಾರಕ್ಕೆ ಅದೂ ಒಂದು ಕಾರಣ. ಈ ಭಾಗದ ಕಲ್ಲುಕುಟಿಗರು ಬಂಡೆಯ ಮೇಲೆ ಸೌದೆಯ ಉರಿ ಹಾಕಿ, ಅದನ್ನು ಮೆಲ್ಲಗೆ ಸರಿಸುತ್ತ, ಸುತ್ತಿಗೆಯ ಸದ್ದು ಆಲಿಸುತ್ತ ಇಡೀ ಚಪ್ಪಡಿಯನ್ನು ಎಬ್ಬಿಸುತ್ತಿದ್ದರು. ಕಲ್ಲಿನ ಈ ಗುಣವನ್ನು ಪುಸ್ತಕಗಳು ಬರುವ ಮೊದಲೇ ಅವರು ಅರಿತಿದ್ದರು.

ಪಾಕ ಬಿರುಕಿನಲ್ಲಿ ನುಗ್ಗಿ ಅಲ್ಲೇ ತಣಿದರೆ ಗೋಡೆಯಂಥ ಶಿಲೆಯಾಗುತ್ತದೆ. ಬೆಂಗಳೂರಿನ ಸುತ್ತಮುತ್ತ ಹೀಗೆ ನುಗ್ಗಿದ ಕಪ್ಪು ಗೋಡೆಗಳು ಹಲವಾರು. ಅವುಗಳ ಒಂದು ದೊಡ್ಡ ಗುಂಪಿನ ವಯಸ್ಸು ಸುಮಾರು 236 ಕೋಟಿ ವರ್ಷ. ಚಾಮರಾಜನಗರದಿಂದ ವಿದೇಶಗಳಿಗೆ ಹೋಗುವ ಕರಿಕಲ್ಲೂ ಈ ಜಾತಿಯದೇ. ಮಾರುಕಟ್ಟೆ ಅದನ್ನು ಕಪ್ಪು ಗ್ರಾನೈಟ್ ಎಂದು ಕರೆದರೂ ಅದು ಗ್ರಾನೈಟ್ ಅಲ್ಲ, ಡಾಲರೈಟ್. ಬಸಾಲ್ಟಿನ ಪಾಕವೇ ತುಸು ಆಳದಲ್ಲಿ, ತುಸು ನಿಧಾನವಾಗಿ ಆರಿದ ರೂಪ.

ಆ ಪಾಕ ಮೇಲ್ಮೈಗೆ ಉಕ್ಕಿದರೆ ಬಸಾಲ್ಟ್. 1,100ರಿಂದ 1,200 ಡಿಗ್ರಿಯ ಲಾವಾ ಗಾಳಿಗೆ ಬಿದ್ದ ಕೂಡಲೇ ಆರುವುದರಿಂದ ಹರಳುಗಳು ಬರಿಗಣ್ಣಿಗೆ ಕಾಣದಷ್ಟು ಸಣ್ಣವು. ಸುಮಾರು 6.6 ಕೋಟಿ ವರ್ಷ ಹಿಂದೆ ಪಶ್ಚಿಮ ಭಾರತದಲ್ಲಿ ನೆಲ ಬಿರಿದು, ಪದರದ ಮೇಲೆ ಪದರವಾಗಿ ಲಾವಾ ಹರಿಯಿತು. ಇಂದಿಗೂ ಸುಮಾರು 5 ಲಕ್ಷ ಚದರ ಕಿಲೋಮೀಟರ್ ಹರಡಿರುವ ಈ ದಖ್ಖನ್ ಲಾವಾ ಬೆಳಗಾವಿ, ವಿಜಯಪುರ, ಕಲಬುರಗಿ, ಬೀದರ ಜಿಲ್ಲೆಗಳ ಬಹುಭಾಗವನ್ನು ಮುಚ್ಚಿದೆ. ಲಾವಾದೊಳಗಿನ ಅನಿಲ ಗುಳ್ಳೆಯಾಗಿ ಉಳಿದ ಕಡೆ ತೂತುಗಳಿವೆ, ಮುಂದೆ ನೀರು ಆ ತೂತುಗಳಲ್ಲಿ ಅಗೇಟ್, ಜಿಯೊಲೈಟ್ ಹರಳುಗಳನ್ನು ತುಂಬಿತು. ಉತ್ತರ ಕರ್ನಾಟಕದ ಎರೆಭೂಮಿಯ ಬಹುಪಾಲು ಇದೇ ಕಲ್ಲು ಕೊಳೆತು ಆದದ್ದು. ಅಲ್ಲಿನ ಬಿಳಿಜೋಳಕ್ಕೂ ಹತ್ತಿಗೂ ತೇವ ಹಿಡಿದಿಡುವ ಮಣ್ಣು ದೊರೆತದ್ದು ಲಾವಾದ ದೆಸೆಯಿಂದ.

ದಪ್ಪನಾದ ಲಾವಾ ಆರುತ್ತ ಕುಗ್ಗಿದಾಗ ಮೇಲಿನಿಂದ ಕೆಳಕ್ಕೆ ಬಿರುಕುಗಳು ಇಳಿಯುತ್ತವೆ, ಕಲ್ಲು ಐದು ಆರು ಮೂಲೆಯ ಕಂಬಗಳಾಗಿ ಒಡೆಯುತ್ತದೆ. ಮಲ್ಪೆಯ ಎದುರಿನ ಸೇಂಟ್ ಮೇರೀಸ್ ದ್ವೀಪದಲ್ಲಿ ಇಂಥ ಕಂಬಗಳ ಸಾಲೇ ಇದೆ. ಅವು ದಖ್ಖನ್ ಲಾವಾಕ್ಕಿಂತ ಹಳೆಯವು, ಸಿಲಿಕಾ ಹೆಚ್ಚಿರುವ ಬೇರೆ ಬಗೆಯ ಲಾವಾ. ಮಡಗಾಸ್ಕರ್ ಭಾರತದಿಂದ ಬೇರೆಯಾದ ಕಾಲಕ್ಕೆ ಸೇರಿದವು. ಇನ್ನು ಲಾವಾ ನೀರಿನಡಿಯಲ್ಲಿ ಉಕ್ಕಿದರೆ ಹೊರಮೈ ಥಟ್ಟನೆ ಹೆಪ್ಪುಗಟ್ಟಿ ದಿಂಬಿನಂಥ ಉಂಡೆಗಳು ಒಂದರ ಮೇಲೊಂದು ಕೂರುತ್ತವೆ. ಚಿತ್ರದುರ್ಗ ಜಿಲ್ಲೆಯ ಮರಡಿಹಳ್ಳಿಯಲ್ಲಿ ಇಂಥ ದಿಂಬುಲಾವಾ ಬಯಲಿಗೆ ಬಿದ್ದಿದೆ. ಮಳೆಗಾಗಿ ಮುಗಿಲು ನೋಡುವ ಆ ಸೀಮೆ 250 ಕೋಟಿ ವರ್ಷಗಳಿಗೂ ಹಿಂದೆ ಸಮುದ್ರದ ತಳವಾಗಿತ್ತು ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ಪದರಶಿಲೆಯ ಕೆಲಸ ಶುರುವಾಗುವುದು ಮೇಲ್ಮೈಯಲ್ಲಿ, ಮುಗಿಯುವುದು ಭೂಮಿಯೊಳಗೆ. ಹೊಳೆ ತಂದ ಮರಳು ತಗ್ಗಿನಲ್ಲಿ ಕೂರುತ್ತದೆ, ಅದರ ಮೇಲೆ ಇನ್ನಷ್ಟು ಬೀಳುತ್ತದೆ. ಮೇಲಿನ ತೂಕಕ್ಕೆ ಕಣಗಳ ನಡುವಿನ ನೀರು ಹಿಂಡಿಹೋಗುತ್ತದೆ. ಉಳಿದ ನೀರಿನಲ್ಲಿ ಕರಗಿದ್ದ ಸಿಲಿಕಾ, ಸುಣ್ಣ ಅಥವಾ ಕಬ್ಬಿಣದ ತುಕ್ಕು ಸಂದಿಗಳಲ್ಲಿ ಕೂತು ಮರಳನ್ನು ಬೆಸೆಯುತ್ತದೆ. ನೂರಾರು ಮೀಟರಿನಿಂದ ಕೆಲವು ಕಿಲೋಮೀಟರ್ ಆಳದಲ್ಲಿ, 200 ಡಿಗ್ರಿಯೊಳಗಿನ ಕಾವಿನಲ್ಲಿ ಇಷ್ಟೆಲ್ಲ ನಡೆಯುತ್ತದೆ. ಬಾದಾಮಿಯ ಕೆಂಪು ಮರಳುಗಲ್ಲು ಹೀಗಾದದ್ದು. ಕೆಂಪು ಬಂದದ್ದು ಕಣಗಳಿಗೆ ಮೆತ್ತಿದ ಕಬ್ಬಿಣದ ಆಕ್ಸೈಡಿನಿಂದ. ಕ್ರಿ.ಶ. 578ರ ಶಾಸನವಿರುವ ಮೂರನೇ ಗುಹೆಯನ್ನು ನೋಡಲು ಹೋದವರು ಶಿಲ್ಪಗಳಿಂದ ಕಣ್ಣು ತೆಗೆದು ಬಂಡೆಯ ಗೋಡೆಯನ್ನೂ ಒಮ್ಮೆ ಗಮನಿಸುವುದು ಒಳ್ಳೆಯದು. ಓರೆಯಾಗಿ ಒರಗಿದ ಸಣ್ಣ ಪದರಗಳು ಅಲ್ಲಿ ಕಾಣುತ್ತವೆ. ಗಿಡಮರಗಳು ನೆಲಕ್ಕೆ ಬರುವ ಎಷ್ಟೋ ಮೊದಲು ಹರಿದ ನೀರು ಯಾವ ದಿಕ್ಕಿಗೆ ಮರಳನ್ನು ತಳ್ಳುತ್ತಿತ್ತು ಎಂಬುದನ್ನು ಅವುಗಳ ಒರಗಿನಿಂದ ಇಂದಿಗೂ ಹೇಳಬಹುದು.

ಕಲಬುರಗಿ ಜಿಲ್ಲೆಯ ಶಹಾಬಾದ್ ಪರಸಿ ಇನ್ನೊಂದು ತೆರನಾದದ್ದು. ಭೀಮಾ ನದಿಯ ಸೀಮೆಯಲ್ಲಿ ಒಂದು ಕಾಲಕ್ಕಿದ್ದ ಆಳವಿಲ್ಲದ ಕಡಲಿನಲ್ಲಿ ಸುಣ್ಣ ನೀರಿನಿಂದ ಬಿಟ್ಟುಕೊಂಡು ನುಣ್ಣನೆಯ ಕೆಸರಾಗಿ ಕೂತಿತು, ನಡುನಡುವೆ ಜೇಡಿಯ ತೆಳು ಪದರ ಸೇರಿತು. ಆ ಜೇಡಿಯ ಜಾಡಿನಲ್ಲೇ ಕಲ್ಲು ಹಾಳೆಯಾಗಿ ಏಳುವುದರಿಂದ ಅದು ಮನೆಮನೆಯ ನೆಲಹಾಸಾಯಿತು. ಸುಣ್ಣವಿರುವುದರಿಂದ ವಾಡಿ, ಸೇಡಂ ಸುತ್ತ ಸಿಮೆಂಟ್ ಕಾರ್ಖಾನೆಗಳು ಬಂದವು. ಸಂಡೂರು, ಬಾಬಾಬುಡನ್, ಕುದುರೆಮುಖದ ಕಬ್ಬಿಣದ ಪಟ್ಟೆಗಲ್ಲು ಕೂಡ ಮೂಲದಲ್ಲಿ ಕಡಲ ತಳದ್ದೇ. ಆಮ್ಲಜನಕ ತೀರಾ ಕಡಿಮೆಯಿದ್ದ ಆ ಕಾಲದ ಸಮುದ್ರದಲ್ಲಿ ಕಬ್ಬಿಣ ಕರಗಿಕೊಂಡೇ ಇತ್ತು. ಅದು ಆಕ್ಸೈಡಾಗಿ ತಳ ಸೇರಿದಾಗ ಒಂದು ಪಟ್ಟೆ, ಸಿಲಿಕಾ ಸೇರಿದಾಗ ಇನ್ನೊಂದು. ಇಂಥ ಕಲ್ಲು ದೊಡ್ಡ ಪ್ರಮಾಣದಲ್ಲಿ ಈಗ ಎಲ್ಲಿಯೂ ಹುಟ್ಟುತ್ತಿಲ್ಲ, ಏಕೆಂದರೆ ಅಂಥ ಸಮುದ್ರವೇ ಈಗಿಲ್ಲ. ಗಣಿಯಿಂದ ಲಾರಿ ಹತ್ತುವ ಅದಿರಿನ ವಿಷಯದಲ್ಲಿ ಈ ಮಾತು ನೆನಪಿರಬೇಕು.

ಹೂತ ಕಲ್ಲು ಇನ್ನೂ ಕೆಳಗಿಳಿದರೆ ರೂಪಾಂತರ ಶುರು. ಇಲ್ಲಿ ಕಲ್ಲು ಗಟ್ಟಿಯಾಗಿದ್ದುಕೊಂಡೇ ಒಳಗಿನ ಖನಿಜಗಳನ್ನು ಬದಲಿಸಿಕೊಳ್ಳುತ್ತದೆ. ಜೇಡಿಗಲ್ಲು ಮೊದಲು ಹಲಗೆಕಲ್ಲಾಗುತ್ತದೆ, ಕಾವು ಏರಿದಂತೆ ಅದರಲ್ಲಿ ಅಭ್ರಕದ ಹಾಳೆಗಳು ಬೆಳೆದು ಒಂದೇ ದಿಕ್ಕಿಗೆ ಮಲಗಿ ಹೊಳೆಯುವ ಶಿಸ್ಟ್ ಆಗುತ್ತದೆ, ಮುಂದೆ ಗಾರ್ನೆಟ್ ಮೂಡುತ್ತದೆ. ಜಾರ್ಜ್ ಬಾರೋ 1893ರಲ್ಲಿ ಸ್ಕಾಟ್ಲೆಂಡಿನ ಬೆಟ್ಟಗಳಲ್ಲಿ ಯಾವ ಖನಿಜ ಎಲ್ಲಿ ಮೊದಲು ಕಾಣಿಸುತ್ತದೆಂದು ನಕ್ಷೆ ಬರೆದು, ಆ ಗೆರೆಗಳು ಏರುವ ಕಾವಿನ ಮೆಟ್ಟಿಲುಗಳೆಂದು ತೋರಿಸಿದರು. ಸುಣ್ಣಕಲ್ಲು ಕಾವಿಗೆ ಸಿಕ್ಕರೆ ಅಮೃತಶಿಲೆ. ಇದನ್ನೂ ಮೊದಲು ಮಾಡಿ ತೋರಿಸಿದವರು ಅದೇ ಜೇಮ್ಸ್ ಹಾಲ್. ಬಂದೂಕಿನ ನಳಿಗೆಯಲ್ಲಿ ಸೀಮೆಸುಣ್ಣದ ಪುಡಿ ತುಂಬಿ, ಬಾಯಿ ಬಿಗಿದು, ಕಾಯಿಸಿ ಅಮೃತಶಿಲೆಯಂಥ ಕಲ್ಲನ್ನು ಪಡೆದರು. ಬಾಯಿ ಬಿಗಿಯದಿದ್ದರೆ ಇಂಗಾಲದ ಡೈಆಕ್ಸೈಡ್ ಹಾರಿಹೋಗಿ ಬರೀ ಸುಟ್ಟ ಸುಣ್ಣ ಉಳಿಯುತ್ತಿತ್ತು. ಒತ್ತಡದ ಪಾತ್ರ ಏನೆಂಬುದು ಆ ನಳಿಗೆಯಿಂದ ಸ್ಪಷ್ಟವಾಯಿತು.

ಬೇಲೂರು ಹಳೇಬೀಡಿನ ಬಳಪದ ಕಲ್ಲೂ ರೂಪಾಂತರದ ಫಲ. ಮೆಗ್ನೀಷಿಯಂ ತುಂಬಿದ ಬಹು ಹಳೆಯ ಅಗ್ನಿಶಿಲೆಗೆ ಆಳದಲ್ಲಿ ನೀರು ಸೇರಿ, ಹದವಾದ ಕಾವಿನಲ್ಲಿ ಕ್ಲೋರೈಟ್, ತಾಲ್ಕ್‌ನಂಥ ಮೆದು ಖನಿಜಗಳು ಹುಟ್ಟಿದವು. ಹೊಯ್ಸಳರ ರೂವಾರಿಗಳು ಒಡವೆಯ ಒಂದೊಂದು ಮಣಿಯನ್ನೂ ಬಿಡಿಸಲು ಸಾಧ್ಯವಾದದ್ದು ಕೈಚಳಕದ ಜೊತೆಗೆ ಉಳಿಗೆ ಒಲಿಯುವ ಈ ಕಲ್ಲಿನಿಂದ. ಹಂಪಿಯ ಗ್ರಾನೈಟಿನಲ್ಲಿ ಆ ಕೆಲಸ ಅಷ್ಟು ಸುಲಭಕ್ಕೆ ಆಗುವಂಥದ್ದಲ್ಲ.

ದಕ್ಷಿಣ ಕರ್ನಾಟಕದ ತಳಪಾಯ ನೈಸ್ ಎಂಬ ಕಲ್ಲು. ಲಾಲ್‌ಬಾಗಿನ ಬಂಡೆ ಇದರದೇ ತುಣುಕು, ವಯಸ್ಸು ಸುಮಾರು 300 ಕೋಟಿ ವರ್ಷ. ಮೈಸೂರು ಸಂಸ್ಥಾನದ ಭೂವಿಜ್ಞಾನ ಇಲಾಖೆಯ ಸ್ಮೀತ್ 1916ರಲ್ಲಿ ಇದನ್ನು ಪೆನಿನ್ಸುಲಾರ್ ನೈಸ್ ಎಂದು ಹೆಸರಿಸಿದರು. ಗೊರೂರಿನ ಸುತ್ತಮುತ್ತ 330 ಕೋಟಿ ವರ್ಷ ಹಳೆಯದೂ ಸಿಗುತ್ತದೆ. ಬಂಡೆಯ ಮೇಲೆ ಕಪ್ಪು ಬಿಳುಪಿನ ಪಟ್ಟೆಗಳು ಬಳುಕಿ ಮಡಿಚಿಕೊಂಡಿರುವುದನ್ನು ಯಾರೂ ಗುರುತಿಸಬಹುದು. ಆ ಆಳದ ಕಾವಿನಲ್ಲಿ ಕಲ್ಲು ಒಡೆಯದೆ ಬಾಗುತ್ತದೆ, ತಿಳಿಬಣ್ಣದ ಖನಿಜ ಒಂದೆಡೆಗೆ ಕಡುಬಣ್ಣದ್ದು ಇನ್ನೊಂದೆಡೆಗೆ ಸರಿಯುತ್ತದೆ. ಕೆಲವೆಡೆ ಕರಗಲು ತೊಡಗಿ ಅರ್ಧಕ್ಕೇ ನಿಂತ ಬಿಳಿ ಎಳೆಗಳೂ ಇವೆ. ಅಗ್ನಿಶಿಲೆಗೂ ರೂಪಾಂತರ ಶಿಲೆಗೂ ನಡುವಿನ ಗಡಿ ಅಲ್ಲಿ ಅಳಿಸಿಹೋಗುತ್ತದೆ.

ಇದಕ್ಕೂ ಕೆಳಗಿನ ಕಲ್ಲು ಚಾರ್ನೊಕೈಟ್. 700 ಡಿಗ್ರಿ ಮೀರಿದ ಕಾವಿನಲ್ಲಿ, ನೀರಿನಂಶ ಬಹುತೇಕ ಹೊರಟುಹೋದ ಒಣ ಸ್ಥಿತಿಯಲ್ಲಿ ಹುಟ್ಟುವ, ಎಣ್ಣೆ ಸವರಿದಂಥ ಹಸಿರುಗಪ್ಪು ಹೊಳಪಿನ ಕಲ್ಲಿದು. ಕೋಲ್ಕತ್ತದಲ್ಲಿರುವ, ಈಸ್ಟ್ ಇಂಡಿಯಾ ಕಂಪನಿಯ ಅಧಿಕಾರಿ ಜಾಬ್ ಚಾರ್ನಾಕ್ ಅವರ ಸಮಾಧಿಯ ಕಲ್ಲು ಈ ಜಾತಿಯದೇ; ಕಲ್ಲಿಗೆ ಹೆಸರು ಬಂದದ್ದೂ ಅವರಿಂದ. ಬಿಳಿಗಿರಿರಂಗನ ಬೆಟ್ಟ, ಮಲೆ ಮಹದೇಶ್ವರ ಬೆಟ್ಟ ಇದರಿಂದಲೇ ಆದವು. ಇದು ಹೇಗೆ ಹುಟ್ಟುತ್ತದೆ ಎಂಬುದಕ್ಕೆ ಜಗತ್ತೇ ಬಂದು ನೋಡಿದ ಪುರಾವೆ ಕನಕಪುರ ಸೀಮೆಯ ಕಬ್ಬಾಳದುರ್ಗದ ಬಳಿಯ ಒಂದು ಕಲ್ಲುಗಣಿಯಲ್ಲಿದೆ. ಅಲ್ಲಿ ಬೂದು ಬಣ್ಣದ ಪಟ್ಟೆ ನೈಸಿನ ನಡುವೆ ಗೇಣು ಮೊಳದ ಹಸಿರುಗಪ್ಪು ತೇಪೆಗಳಿವೆ. ನೈಸಿನ ಪಟ್ಟೆ ತೇಪೆಯ ಅಂಚಿಗೆ ಬಂದು ಮಸುಕಾಗಿ, ಒಳಗೆ ಅಳಿಸಿಹೋಗಿ, ಆಚೆ ಬದಿಯಲ್ಲಿ ಮತ್ತೆ ಮುಂದುವರಿಯುತ್ತದೆ. ಅಂದರೆ ಚಾರ್ನೊಕೈಟ್ ಹೊರಗಿನಿಂದ ನುಗ್ಗಿದ್ದಲ್ಲ. ನೈಸೇ ನಿಂತಲ್ಲಿ ಚಾರ್ನೊಕೈಟಾಗಿ ಬದಲಾಗುತ್ತಿತ್ತು. ಬಿರುಕುಗಳಗುಂಟ ಕೆಳಗಿನಿಂದ ಬಂದ ಇಂಗಾಲದ ಡೈಆಕ್ಸೈಡ್ ನೀರನ್ನು ಹೊರದೂಡಿದ್ದೇ ಇದಕ್ಕೆ ಕಾರಣವೆಂಬುದು ಹಲವರು ಒಪ್ಪಿರುವ ವಿವರಣೆ. ಕನ್ನಡ ನಾಡಿನ ಭೂವಿಜ್ಞಾನಿ ಸಿ.ಎಸ್. ಪಿಚ್ಚಮುತ್ತು ಈ ತೇಪೆಗಳ ಸಂಗತಿಯನ್ನು 1960ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟಿಸಿದರು.

ಗದಗ, ಸಂಡೂರಿನ ಕಡೆ ಕಡಿಮೆ ಕಾವಿನ ಹಸಿರು ಶಿಸ್ಟುಗಳು, ನಡುನಾಡಿನಲ್ಲಿ ಮಧ್ಯಮ ಕಾವಿನ ಕಲ್ಲು, ಕಬ್ಬಾಳದಾಚೆ ಚಾರ್ನೊಕೈಟ್. ಕರ್ನಾಟಕದ ಈ ಹಳೆಯ ನೆಲ ಒಂದು ಬದಿಗೆ ವಾಲಿ ಸವೆದಿರುವುದರಿಂದ ಉತ್ತರದಿಂದ ದಕ್ಷಿಣಕ್ಕೆ ಪಯಣಿಸಿದವರು ಭೂಕವಚದೊಳಗೆ ಇಳಿಯುತ್ತ ಹೋದಂತೆಯೇ ಸರಿ. ಖನಿಜಗಳು ಹೇಳುವ ಒತ್ತಡದ ಲೆಕ್ಕದಲ್ಲಿ ದಕ್ಷಿಣದ ತುದಿಯ ಕಲ್ಲು ಒಮ್ಮೆ 20 ಕಿಲೋಮೀಟರ್ ಮತ್ತು ಅದಕ್ಕೂ ಹೆಚ್ಚು ಆಳದಲ್ಲಿತ್ತು. ಮೇಲಿನದು ಮಳೆ, ಹೊಳೆಗಳಿಗೆ ಸವೆದಂತೆ ಭಾರ ಇಳಿದು ಕೆಳಗಿನದು ಮೇಲೆದ್ದಿತು; ಒಂದು ಕಿಲೋಮೀಟರ್ ಕಲ್ಲು ಸವೆದರೆ ನೆಲ ಅದರ ಮುಕ್ಕಾಲು ಪಾಲಿಗಿಂತ ಹೆಚ್ಚು ಮತ್ತೆ ಏರುತ್ತದೆ. ಇಷ್ಟೆಲ್ಲ ಕಳೆದುಕೊಂಡ ಮೇಲೂ ದಕ್ಷಿಣ ಕರ್ನಾಟಕದ ಅಡಿಯ ಭೂಕವಚ ಇಂದಿಗೂ 35 ಕಿಲೋಮೀಟರಿಗಿಂತ ದಪ್ಪವಾಗಿದೆ.

ಬಯಲಿಗೆ ಬಂದ ಕಲ್ಲು ಅಲ್ಲಿಗೆ ಸುಮ್ಮನಿರುವುದಿಲ್ಲ. ಬಿಸಿಲು, ಮಳೆ ಹೆಚ್ಚಿರುವ ಕಡೆ ಅದರ ಸಿಲಿಕಾ, ಸುಣ್ಣ ತೊಳೆದುಹೋಗಿ ಕಬ್ಬಿಣ, ಅಲ್ಯೂಮಿನಿಯಂ ಉಳಿದರೆ ಮುರಕಲ್ಲು. ಕರಾವಳಿಯಲ್ಲಿ ಇದನ್ನು ನೆಲದಿಂದಲೇ ಇಟ್ಟಿಗೆಯಾಗಿ ಕಡಿದು ತೆಗೆಯುತ್ತಾರೆ. ಗಾಳಿಗೆ ಒಣಗಿದಂತೆ ಇನ್ನಷ್ಟು ಗಟ್ಟಿಯಾಗುತ್ತದೆ. ಬೀದರಿನಲ್ಲಿ ಬಸಾಲ್ಟಿನ ನೆತ್ತಿಯ ಮೇಲೆ ಇದೇ ಕಲ್ಲಿನ ಹೊದಿಕೆಯಿದೆ. ಮಳೆನೀರು ತೂತುತೂತಾದ ಮುರಕಲ್ಲಿನಲ್ಲಿ ಇಂಗಿ, ಕೆಳಗಿನ ಬಸಾಲ್ಟಿನ ಮೇಲೆ ನಿಲ್ಲುತ್ತದೆ. ಬಹಮನಿ ಸುಲ್ತಾನರ ಕಾಲದಲ್ಲಿ ಬೀದರಿಗೆ ನೀರು ತಂದ ಕರೇಜ್ ಸುರಂಗಗಳನ್ನು ತೋಡಿದವರು ಆ ನೀರನ್ನು ಹಿಡಿದೇ ನಗರಕ್ಕೆ ಹರಿಸಿದರು.